ಸುಸ್ತಿ, ಜಪ್ತಿ, ದಸ್ತಗಿರಿ: ಕೋರ್ಟು ಮಾತಿನ ಹಿಂದಿನ ಚರಿತ್ರೆ

ಬೀದರ್ ಜಿಲ್ಲೆಯ ಹುಡಗಿಯಂಥ ಊರಿನಲ್ಲಿ ರೈತನೊಬ್ಬನ ಮನೆಗೆ ನ್ಯಾಯಾಲಯದ ಕಾಗದ ಬಂತೆಂದರೆ ಅದರ ಬೆನ್ನಿಗೇ ಒಂದು ಶಬ್ದಕೋಶವೂ ಬರುತ್ತದೆ. ಬಾಕಿ ಉಳಿಸಿಕೊಂಡವನು ಸುಸ್ತಿದಾರ. ಅವನ ಮೇಲೆ ದಾವಾ. ಹಾಜರಾಗದಿದ್ದರೆ ಏಕತರ್ಫಾ ಡಿಕ್ರಿ. ಡಿಕ್ರಿಯ ಹಿಂದೆ ಅಮಲ್ಜಾರಿ, ಅಮಲ್ಜಾರಿಯ ಹಿಂದೆ ಅಮೀನ, ಅಮೀನನ ಕೈಯಲ್ಲಿ ಜಪ್ತಿ ಹುಕುಂ. ಕೊನೆಗೆ ಹರಾಜು, ಇಲ್ಲವೇ ದಸ್ತಗಿರಿ. ಎದುರಿಗೆ ಆಸರೆಯಾಗಿ ಉಳಿಯುವುದು ವಕೀಲ, ವಾಯಿದೆ, ಜಾಮೀನು ಮತ್ತು ರಾಜಿ. ಈ ಸಾಲಿನಲ್ಲಿ ಅಚ್ಚ ಕನ್ನಡದ ಪದ ಒಂದೂ ಇಲ್ಲ. ಆದರೂ ಅಕ್ಷರ ಬಾರದ ಹಿರಿಯರಿಗೂ ಇವುಗಳ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಪದಗಳೆಲ್ಲ ಎಲ್ಲಿಂದ ಬಂದವು, ಇವು ಬರುವ ಮೊದಲು ಇಲ್ಲಿ ಏನಿದ್ದವು ಎಂದು ಹುಡುಕಹೊರಟರೆ ಬಹಳ ದೂರ ಹೋಗಬೇಕಿಲ್ಲ. ಹುಮನಾಬಾದದ ನೆರೆಯಲ್ಲೇ ಬಸವಕಲ್ಯಾಣವಿದೆ. ಕಲ್ಯಾಣ ಎಂದಕೂಡಲೇ ನಮಗೆ ನೆನಪಾಗುವುದು ಬಸವಣ್ಣನವರು ಮತ್ತು ಅನುಭವ ಮಂಟಪ. ಅವರಿಗಿಂತ ಸ್ವಲ್ಪ ಹಿಂದೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ಇದೇ ಊರಿನಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ನಗರವನ್ನೂ ತನ್ನ ದೊರೆಯನ್ನೂ ಬಾಯಿ ತುಂಬ ಹೊಗಳಿದ್ದಾನೆ. ಇಂದಿನ ಕಲಬುರಗಿ ಜಿಲ್ಲೆಯ ಮರ್ತೂರಿಗೂ ಅವನಿಗೂ ಇದ್ದ ನಂಟನ್ನು ವಿದ್ವಾಂಸರು ಶಾಸನದ ಆಧಾರದಿಂದ ಗುರುತಿಸಿದ್ದಾರೆ.

ಮಿತಾಕ್ಷರಾ ಹೆಸರು ಕಾನೂನು ಓದಿದವರಿಗೆ ಗೊತ್ತಿರುವುದು ಆಸ್ತಿ ಪಾಲಿನ ವಿಷಯದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಬ್ರಿಟಿಷ್ ನ್ಯಾಯಾಲಯಗಳ ಕೈಪಿಡಿಯಾಯಿತು. ಬಂಗಾಳ, ಅಸ್ಸಾಂ ಬಿಟ್ಟು ದೇಶದ ಬಹುಭಾಗದ ಹಿಂದೂ ಅವಿಭಕ್ತ ಕುಟುಂಬಗಳ ಪಾಲುಪಟ್ಟಿ ಅದರ ಮೇಲೆ ನಡೆಯಿತು. ಆದರೆ ಅದೇ ಗ್ರಂಥದಲ್ಲಿ ವ್ಯವಹಾರಾಧ್ಯಾಯವೆಂಬ ದೊಡ್ಡ ಭಾಗವಿದೆ. ದಾವೆ ಹೂಡುವುದು ಹೇಗೆ, ಎದುರುಪಕ್ಷವನ್ನು ಕರೆಸುವುದು ಹೇಗೆ, ಕರೆದರೂ ಬಾರದವನನ್ನು ಏನು ಮಾಡಬೇಕು ಎಂಬುದೆಲ್ಲ ಅಲ್ಲಿದೆ. ಈ ಭಾಗದ ಕಡೆಗೆ ಸಾಮಾನ್ಯ ಓದುಗರ ಗಮನ ಹರಿದದ್ದು ಕಡಿಮೆ. ಹರಿಯಬೇಕಿತ್ತು ಎಂದು ನನಗನಿಸುತ್ತದೆ.

ಅಲ್ಲಿನ ಪರಿಭಾಷೆ ಹೀಗಿದೆ. ದಾವೆ ಹೂಡಿದವನು ಅರ್ಥಿ ಅಥವಾ ವಾದಿ, ಎದುರಿನವನು ಪ್ರತ್ಯರ್ಥಿ ಅಥವಾ ಪ್ರತಿವಾದಿ. ಕರೆಗೆ ಆಹ್ವಾನ ಎಂದು ಹೆಸರು. ಇಂದು ಮದುವೆ ಕಾಗದದ ಮೇಲೆ ಅಚ್ಚಾಗುವ ಪದ ಆಗ ರಾಜಮುದ್ರೆಯ ಜೊತೆ ಅಥವಾ ರಾಜಭಟನ ಜೊತೆ ಬರುತ್ತಿತ್ತು. ರೋಗಿ, ಬಾಲಕ, ಮುದುಕ, ಸಂಕಟದಲ್ಲಿ ಸಿಕ್ಕವನು, ಮಂಗಲಕಾರ್ಯದಲ್ಲಿ ತೊಡಗಿದವನು ಇಂಥವರನ್ನು ಕರೆಸಬಾರದು. ವಿಷಯ ತೀರಾ ಗಂಭೀರವಾಗಿದ್ದರೆ ರೋಗಿಯನ್ನೂ ವಾಹನದಲ್ಲಿ ಮೆಲ್ಲಗೆ ಕರೆತರಬಹುದು. ಗೆದ್ದವನಿಗೆ ಸಿಗುವ ಬರಹ ಜಯಪತ್ರ. ಇಂದಿನ ಡಿಕ್ರಿ ಎಂದರೆ ಅದೇ.

ಈಗ ತಪ್ಪಿದವನ ಮಾತು. ಅವನಿಗೆ ಶಾಸ್ತ್ರಕಾರರು ‘ಹೀನ’ ಎಂದರು. ಬೈಗುಳವೇನೂ ಅಲ್ಲ, ವ್ಯಾಜ್ಯದಲ್ಲಿ ಕುಗ್ಗಿದವನು ಎಂಬ ಅರ್ಥದ ಪಾರಿಭಾಷಿಕ ಪದ. ನಾರದನ ಪ್ರಕಾರ ಹೀನರು ಐದು ಬಗೆ. ಮೊದಲು ಒಂದು ಹೇಳಿ ಆಮೇಲೆ ಇನ್ನೊಂದು ಹೇಳುವ ಅನ್ಯವಾದಿ, ಸಾಕ್ಷಿ ಪುರಾವೆ ಎಂದರೆ ಹಿಂಜರಿಯುವ ಕ್ರಿಯಾದ್ವೇಷಿ, ಹಾಜರಾಗದ ನೋಪಸ್ಥಾತಾ, ಉತ್ತರ ಕೊಡದ ನಿರುತ್ತರ, ಕರೆ ಬಂದಕೂಡಲೇ ಪರಾರಿಯಾಗುವ ಆಹೂತಪ್ರಪಲಾಯಿ. ಕಾತ್ಯಾಯನನ ಹೆಸರಿನಲ್ಲಿ ಉಳಿದಿರುವ ಶ್ಲೋಕಗಳು (ಇವನ್ನು 1933ರಲ್ಲಿ ಪಿ.ವಿ. ಕಾಣೆ ಒಟ್ಟುಗೂಡಿಸಿದರು) ಇವರಿಗೆ ಕ್ರಮವಾಗಿ 5, 10, 12, 16 ಮತ್ತು 20 ಪಣ ದಂಡ ವಿಧಿಸುತ್ತವೆ. ಮಾತು ತಿರುಗಿಸಿದವನಿಗಿಂತ ಓಡಿಹೋದವನಿಗೆ ನಾಲ್ಕು ಪಟ್ಟು. ಬೃಹಸ್ಪತಿಯ ಹೆಸರಿನ ಇನ್ನೊಂದು ನಿಯಮದಂತೆ ಓಡಿಹೋದವನಿಗಾಗಿ ಮೂರು ಪಕ್ಷ, ಅಂದರೆ 45 ದಿನ ಕಾಯಬೇಕು. ಬಾಯಿ ಬಿಡದೆ ನಿಂತವನಿಗೆ 7 ದಿನ ಸಾಕು.

ಇಂದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಈ ನಿರುತ್ತರನಿಗೂ ನೋಪಸ್ಥಾತನಿಗೂ ಬೇರೆ ಬೇರೆ ಜಾಗಗಳಿವೆ. ಲಿಖಿತ ಹೇಳಿಕೆ ಕೊಡಲು ಸಮನ್ಸ್ ತಲುಪಿದ ಮೇಲೆ 30 ದಿನ, ಕಾರಣ ತೋರಿಸಿದರೆ 90 ದಿನದವರೆಗೆ ಅವಕಾಶ. ಹಾಜರಾಗದಿದ್ದವನ ಗತಿ 9ನೇ ಆದೇಶದಲ್ಲಿದೆ. ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಬೇಡ. ಧರ್ಮಶಾಸ್ತ್ರದ ನ್ಯಾಯ ವರ್ಣವನ್ನು ನೋಡಿ ತೂಗುತ್ತಿದ್ದ ನ್ಯಾಯ. ಸಾಲ ತೀರಿಸಲಾಗದ ಕೆಳವರ್ಗದವನು ಮೈ ಮುರಿದು ದುಡಿದು ತೀರಿಸಬೇಕು, ಬ್ರಾಹ್ಮಣನಾದರೆ ಅನುಕೂಲ ನೋಡಿ ಮೆಲ್ಲಗೆ ಕೊಡಬಹುದು ಎಂದು ಯಾಜ್ಞವಲ್ಕ್ಯ ಸ್ಮೃತಿಯೇ ಹೇಳುತ್ತದೆ. ಅದನ್ನು ಮರೆತು ಹೊಗಳಲಾಗದು.

ಆದರೂ ಒಂದು ವಿಚಾರ ಮುಖ್ಯ. ಭೂಮಿ, ಸಾಲದಂಥ ಅರ್ಥವಿವಾದಗಳಲ್ಲಿ ಮಾತಿನ ತಪ್ಪಿಗಾಗಿ ಒಬ್ಬನಿಗೆ ದಂಡ ಹಾಕಬಹುದು, ಆದರೆ ಅಷ್ಟರಿಂದಲೇ ಅವನ ಮೂಲ ಹಕ್ಕು ಹೋಗುವುದಿಲ್ಲ ಎಂಬುದು ನಾರದನ ಮತ. ವಿಜ್ಞಾನೇಶ್ವರನೂ ಇದನ್ನು ಎತ್ತಿಕೊಂಡು ಚರ್ಚಿಸುತ್ತಾನೆ. ನಡಾವಳಿಯಲ್ಲಿ ತಪ್ಪಿದ್ದು ಒಂದು, ಹಕ್ಕಿನಲ್ಲಿ ಸೋತದ್ದು ಇನ್ನೊಂದು ಎಂಬ ಈ ವಿವೇಚನೆ ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ನಡೆದಿತ್ತು.

ಆಸೇಧ ಎಂಬ ಇನ್ನೊಂದು ಪದವಿದೆ. ದಾವೆ ತೀರ್ಮಾನವಾಗುವವರೆಗೆ ಎದುರಾಳಿಯನ್ನು ರಾಜಾಜ್ಞೆಯ ಹೆಸರಿನಲ್ಲಿ ತಡೆದು ನಿಲ್ಲಿಸುವುದು. ಈ ಜಾಗ ಬಿಟ್ಟು ಹೋಗಕೂಡದು, ಇಂಥ ದಿನದವರೆಗೆ ಹೋಗಕೂಡದು, ಪರಸ್ಥಳಕ್ಕೆ ಹೋಗಕೂಡದು, ಇಂಥ ಕೆಲಸ ಮಾಡಕೂಡದು ಎಂದು ನಾಲ್ಕು ವಿಧ. ಇಂದಿನ ದಸ್ತಗಿರಿಯೂ ತಡೆಯಾಜ್ಞೆಯೂ ಅದರಲ್ಲಿ ಒಟ್ಟಿಗೇ ಅಡಗಿವೆ. ಆದರೆ ಹೊಳೆ ದಾಟುತ್ತಿರುವವನನ್ನು, ದನ ಮೇಯಿಸುತ್ತಿರುವ ಗೋವಳನನ್ನು, ಕಸುಬಿನಲ್ಲಿ ತೊಡಗಿರುವ ಶಿಲ್ಪಿಯನ್ನು, ಯುದ್ಧದಲ್ಲಿರುವ ಸೈನಿಕನನ್ನು ಹೀಗೆ ತಡೆಯುವಂತಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಒಕ್ಕಲಿಗನನ್ನೂ ತಡೆಯುವಂತಿಲ್ಲ. ಮೃಗಶಿರದ ಮೊದಲ ಮಳೆ ಬಿದ್ದ ಮೇಲೆ ತೊಗರಿ, ಉದ್ದು, ಹೆಸರು ಬಿತ್ತಲು ಎರಡು ವಾರದ ಗಡುವಿರುವ ನಾಡಿನವರಿಗೆ ಈ ವಿನಾಯಿತಿಯ ಬೆಲೆ ಗೊತ್ತು.

ಇದು ಪುಸ್ತಕದ ಮಾತಷ್ಟೇ ಆಗಿರಲಿಕ್ಕಿಲ್ಲ. 13ನೇ ಶತಮಾನದ ಕೊನೆಗೆ ದಕ್ಷಿಣದ ಕರಾವಳಿಗೆ ಬಂದ ಮಾರ್ಕೊ ಪೋಲೊ ಒಂದು ವಿಚಿತ್ರವನ್ನು ಬರೆದಿಟ್ಟಿದ್ದಾನೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದರೆ, ಹಣ ಕೊಡದೆ ಅಥವಾ ಒಪ್ಪಂದ ಮಾಡಿಕೊಳ್ಳದೆ ಸಾಲಗಾರ ಆ ಗೆರೆ ದಾಟುವಂತಿರಲಿಲ್ಲ. ಸ್ವತಃ ರಾಜನ ಸುತ್ತಲೇ ವ್ಯಾಪಾರಿಯೊಬ್ಬ ಗೆರೆ ಎಳೆದ ಪ್ರಸಂಗವನ್ನೂ ಹೇಳುತ್ತಾನೆ. ಸಾಲಗಾರನ ಬಾಗಿಲಲ್ಲಿ ಉಪವಾಸ ಕೂರುವ ಧರಣ ಇನ್ನೊಂದು ಪದ್ಧತಿ. ಕೂತವನು ಸತ್ತರೆ ಪಾಪ ಸಾಲಗಾರನಿಗೆ. 1860ರ ಭಾರತೀಯ ದಂಡ ಸಂಹಿತೆ ಇದನ್ನು ಅಪರಾಧವೆಂದು 508ನೇ ಕಲಮಿನ ಉದಾಹರಣೆಯಲ್ಲೇ ಹೆಸರಿಸಿತು. ಆ ಪದ ಇಂದು ‘ಧರಣಿ’ಯಾಗಿ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದಿನವೂ ಕಾಣಿಸಿಕೊಳ್ಳುತ್ತದೆ.

ಜಯಪತ್ರ, ಆಸೇಧಗಳು ಹೋಗಿ ಹುಕುಂ, ಜಪ್ತಿಗಳು ಬಂದ ಕತೆಗೆ ಬೀದರೇ ಕೇಂದ್ರ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಮಹಮೂದ್ ಗವಾನನ ಮದರಸಾ ಎದ್ದಿತು. ಪರ್ಷಿಯನ್ ದರಬಾರಿನ ಭಾಷೆಯಾಯಿತು. ಆದರೆ ಹಳ್ಳಿಯ ಲೆಕ್ಕ ಬರೆಯುವವರು ಕುಲಕರ್ಣಿಗಳು, ಕನ್ನಡ ಮತ್ತು ಮೋಡಿ ಮರಾಠಿಯಲ್ಲಿ. ಮೇಲಿನಿಂದ ಬಂದ ಹುಕುಮಿನ ಪದವನ್ನು ಅವರು ಹಾಗೆಯೇ ಕನ್ನಡದ ಬಾಯಿಗೆ ಹೊಂದಿಸಿ ಬರೆದುಕೊಂಡರು. ಮುಂದೆ ಮೊಗಲರು, ಆಸಫ್‌ಜಾಹಿಗಳು ಬಂದರೂ ಪದಗಳು ಬದಲಾಗಲಿಲ್ಲ. ಕಲ್ಯಾಣವು ಕಲ್ಯಾಣಿಯಾಗಿ ನವಾಬರೊಬ್ಬರ ಜಹಗೀರಾಯಿತು. ಬ್ರಿಟಿಷರು 1837ರಲ್ಲೇ ತಮ್ಮ ಕಚೇರಿಗಳಿಂದ ಪರ್ಷಿಯನ್ ಭಾಷೆಯನ್ನು ಹೊರಗಿಟ್ಟರು. ಹೈದರಾಬಾದಿನಲ್ಲಿ ಅದು 1884ರ ಹೊತ್ತಿನವರೆಗೂ ಉಳಿದು, ಆಮೇಲೆ ಉರ್ದುವಿಗೆ ಜಾಗ ಬಿಟ್ಟಿತು. ಅದಕ್ಕೆ ಮುಂಚಿನ ಮೂವತ್ತು ವರ್ಷ (1853–1883) ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗ್ ಕಂದಾಯ ಮತ್ತು ನ್ಯಾಯದ ಕಚೇರಿಗಳನ್ನು ಹೊಸದಾಗಿ ಕಟ್ಟಿದ್ದ. ಹೀಗೆ ಹುಮನಾಬಾದದ ಕಕ್ಷಿದಾರನಿಗೆ ಮುನ್ಸಿಫ್, ನಾಜರ್, ಪೇಶ್ಕಾರ್ ಎಲ್ಲರೂ ಪರಿಚಿತರಾದರು. ಅವನು ಮುದ್ದಾಯಿ, ಎದುರಿನವನು ಮುದ್ದಾಲೆ. ಸಾಕ್ಷಿ ಗವಾಹಿಯಾಯಿತು, ಸಮನ್ಸಿನ ಶುಲ್ಕ ತಲಬಾನಾ.

ಈ ಪದಗಳ ಒಳಗೆ ಒಂದಿಷ್ಟು ಇಣುಕಿ ನೋಡಬೇಕು. ‘ತಲಬಾನಾ’ದಲ್ಲಿರುವ ತಲಬ್ ಎಂದರೆ ಬೇಡಿಕೆ, ಕರೆ. ಎಲೆಯಡಿಕೆ, ತಂಬಾಕಿಗೆ ಮನಸ್ಸು ಎಳೆದಾಗ ‘ತಲಬು ಹತ್ತಿತು’ ಎನ್ನುತ್ತೇವಲ್ಲ, ಅದೇ. ‘ಜಪ್ತಿ’ಯ ಮೂಲ ಅರಬಿಯ ಜಬ್ತ್, ಬಿಗಿಯಾಗಿ ಹಿಡಿಯುವುದು. ಅಕ್ಬರನ ಕಾಲದಲ್ಲಿ ಜಬ್ತಿ ಎಂದರೆ ಹೊಲ ಅಳೆದು ಕಂದಾಯ ನಿಗದಿ ಮಾಡುವ ಕ್ರಮ. ಹಿಡಿತದ ಅರ್ಥ ಮಾತ್ರ ಗಟ್ಟಿಯಾಗಿ ನಮ್ಮಲ್ಲಿ ಉಳಿಯಿತು. ‘ಅಮೀನ’ ಎಂದರೆ ನಂಬಿಗಸ್ತ. ಮನೆಯ ಸಾಮಾನು ಹೊರಗಿಡಲು ಬಂದವನನ್ನು ನಂಬಿಗಸ್ತನೆಂದು ಕರೆಯುವುದು ವಿನೋದವೆನಿಸಬಹುದು. ಆದರೆ ನ್ಯಾಯಾಲಯ ಅವನನ್ನು ನಂಬಿ ಕಳಿಸಿದೆ, ಅಷ್ಟೇ. ‘ಅಮಾನತು’ ಕೂಡ ಅದೇ ಬೇರಿನ ಪದ. ಮೂಲದಲ್ಲಿ ನಂಬಿ ಒಪ್ಪಿಸಿದ ವಸ್ತು. ಒಪ್ಪಿಸಿ ಹಿಡಿದಿಟ್ಟದ್ದು ಎಂಬಲ್ಲಿಂದ ಸರಿದು ಸರಿದು ಇಂದು ನೌಕರರ ಎದೆ ನಡುಗಿಸುವ ಅರ್ಥಕ್ಕೆ ಬಂದು ನಿಂತಿದೆ. ‘ನಾಜರ್’ ಎಂದರೆ ನೋಡುವವನು, ಮೇಲ್ವಿಚಾರಕ. ‘ನಜರು’ ಇಟ್ಟವನು. ಕರ್ನಾಟಕದ ನ್ಯಾಯಾಲಯಗಳಲ್ಲಿ ನಾಜರ್ ಶಾಖೆ ಇಂದಿಗೂ ಇದೆ, ಸಮನ್ಸು ವಾರಂಟುಗಳು ಅಲ್ಲಿಂದಲೇ ಹೊರಡುತ್ತವೆ.

‘ವಾಯಿದೆ’ಯ ಮೂಲ ವಾದಾ, ಅಂದರೆ ಮಾತು ಕೊಡುವುದು. ‘ಜಾರಿ’ ಎಂದರೆ ಹರಿಯುವುದು, ನಡೆಯುವುದು. ಕನ್ನಡದ ‘ಜಾರು’ವಿಗೂ ಇದಕ್ಕೂ ಸಂಬಂಧವಿಲ್ಲ, ಎಷ್ಟೋ ಹುಕುಂಗಳು ಜಾರಿಯಾಗುವ ಬದಲು ಜಾರಿಹೋಗುವುದು ಬೇರೆ ಮಾತು. ‘ಮುಚ್ಚಳಿಕೆ’ಯಲ್ಲಿ ಕನ್ನಡದ ಕಿವಿಗೆ ಮುಚ್ಚಳ ಕೇಳಿಸುತ್ತದೆ, ಆದರೆ ಅದು ತುರ್ಕಿಯ ಮುಚಲ್ಕಾ. ಹರಾಜು ಅರಬಿಯಿಂದ ಬಂದದ್ದು. ಗಡಿಭಾಗದಲ್ಲಿ ಅದಕ್ಕೆ ಹೇಳುವ ಲಿಲಾವು ಪೋರ್ಚುಗೀಸರದು, ಗೋವೆಯ ಹಾದಿಯಿಂದ ಮರಾಠಿಗೆ ಬಂದು ಇಲ್ಲಿಗಿಳಿಯಿತು. ಡಿಕ್ರಿ ಇಂಗ್ಲಿಷಿನದು. ಅದಕ್ಕೆ ಪರ್ಷಿಯನ್ ಬಾಲ ಅಂಟಿಸಿ ‘ಡಿಕ್ರಿದಾರ’ ಮಾಡಿಕೊಂಡದ್ದು ನಮ್ಮ ಗುಮಾಸ್ತರ ಜಾಣ್ಮೆ. ಹಳ್ಳಿಯವರ ಬಾಯಲ್ಲಿ ಡಿಕ್ರಿ ‘ಡಿಗ್ರಿ’ಯಾಗಿದೆ. ಮಗನಿಗೆ ಡಿಗ್ರಿ ಆಯ್ತು ಎಂದರೆ ಪದವಿ, ಹೊಲಕ್ಕೆ ಡಿಗ್ರಿ ಆಯ್ತು ಎಂದರೆ ತೀರ್ಪು.

ಎಲ್ಲಕ್ಕಿಂತ ಸ್ವಾರಸ್ಯದ್ದು ‘ದಸ್ತಗಿರಿ’. ಪರ್ಷಿಯನ್ನಿನಲ್ಲಿ ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವವನು. ಕೈ ಹಿಡಿಯುವುದೆಂದರೆ ಬಂಧಿಸುವುದೂ ಹೌದು, ಬಿದ್ದವನನ್ನು ಎತ್ತುವುದೂ ಹೌದು. ಬಾಗ್ದಾದಿನ ಸೂಫಿ ಸಂತ ಅಬ್ದುಲ್ ಖಾದರ್ ಜೀಲಾನಿ ಅವರಿಗೆ ಭಕ್ತರು ದಸ್ತಗೀರ್ ಎಂದದ್ದು ಎರಡನೆಯ ಅರ್ಥದಲ್ಲಿ. ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ದಸ್ತಗೀರಸಾಬ ಎಂಬ ಹೆಸರಿದೆ. ಠಾಣೆಯ ದಿನಚರಿಯಲ್ಲಿ ಬರುವ ದಸ್ತಗಿರಿಯೂ ತೊಟ್ಟಿಲಲ್ಲಿಟ್ಟ ದಸ್ತಗೀರನೂ ಒಂದೇ ಪದ.

‘ಸುಸ್ತಿ’ಯ ಕತೆ ಹೆಚ್ಚು ಗಂಭೀರ. ಪರ್ಷಿಯನ್ ಸುಸ್ತ್ ಎಂದರೆ ಸಡಿಲ, ಆಲಸ್ಯ, ನಿಧಾನ. ಹೊತ್ತಿಗೆ ಸರಿಯಾಗಿ ಕೊಡದವನು ಆಲಸಿ ಎಂಬ ತೀರ್ಮಾನ ಪದದೊಳಗೇ ಕೂತಿದೆ. ಅದೇ ಪದ ಕನ್ನಡದ ದಿನಬಳಕೆಯಲ್ಲಿ ದಣಿವಿನ ಅರ್ಥ ಪಡೆಯಿತು, ‘ಸುಸ್ತಾಗಿದೆ’ ಎನ್ನುತ್ತೇವೆ. ಹೀಗಾಗಿ ಸುಸ್ತಿದಾರ ಎಂದರೆ ಆಲಸಿಯೋ ದಣಿದವನೋ ಎಂಬ ಪ್ರಶ್ನೆ ಕನ್ನಡದಲ್ಲಿ ಮಾತ್ರ ಏಳುತ್ತದೆ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಆರಂಭವಾದ ಮೇಲಿನ ನೂರು ವರ್ಷಗಳಲ್ಲಿ ಈ ಪದ ಬ್ಯಾಂಕು, ಸೊಸೈಟಿಗಳ ಪಟ್ಟಿಗಳಲ್ಲಿ ತುಂಬಿಕೊಂಡಿದೆ. ಸುಸ್ತಿದಾರನಾದ ಸದಸ್ಯ ಸೊಸೈಟಿ ಚುನಾವಣೆಯಲ್ಲಿ ಮತದ ಹಕ್ಕನ್ನೂ ಕಳೆದುಕೊಳ್ಳಬಹುದು. ಮಳೆ ಕೈಕೊಟ್ಟ ವರ್ಷದಲ್ಲಿ ಬಾಕಿ ಉಳಿದವನಿಗೂ, ಇದ್ದೂ ಕೊಡದವನಿಗೂ ಪಟ್ಟಿಯಲ್ಲಿ ಹೆಸರು ಒಂದೇ.

ಇದೇ ಪದಗಳು ಕನ್ನಡ ನಾಡಿನ ಬೇರೆ ಬೇರೆ ಆಡಳಿತಗಳಲ್ಲಿ ಬೇರೆ ಬೇರೆ ಅರ್ಥ ಪಡೆದವು. ಮುಂಬಯಿ ಪ್ರಾಂತದ ಧಾರವಾಡದಲ್ಲಿ ದರಖಾಸ್ತು ಎಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ. ಮೈಸೂರು ಸೀಮೆಯಲ್ಲಿ ಸರ್ಕಾರಿ ಜಮೀನು ಮಂಜೂರಿಗೆ ಕೊಡುವ ಅರ್ಜಿ. ಒಂದೆಡೆ ಹೊಲ ಹೋಗುವ ಸೂಚನೆ, ಇನ್ನೊಂದೆಡೆ ಹೊಲ ಬರುವ ಆಸೆ. ಮರಾಠಿ ಪ್ರಭಾವದ ‘ಮನಾಯಿ ಹುಕುಂ’ ಹಳೇ ಮೈಸೂರಿನವರಿಗೆ ಅಪರಿಚಿತ. ಹೈದರಾಬಾದಿನ ‘ಕುರ್ಕಿ’ ಧಾರವಾಡದವರಿಗೆ ಗೊತ್ತಿಲ್ಲ, ಅವರದು ಜಪ್ತಿ.

ಹೈದರಾಬಾದ್ ಸೀಮೆಯ ಕನ್ನಡಿಗನಿಗೆ ಇನ್ನೊಂದು ತೊಡಕಿತ್ತು. ಕಚೇರಿಯ ಕಾಗದಗಳಲ್ಲಿ ತಾರೀಖು ಫಸಲಿ ಲೆಕ್ಕದ್ದು. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ. ತಿಂಗಳುಗಳ ಹೆಸರು ಆಜುರ್, ದೈ, ಬಹಮನ್, ಖುರ್ದಾದ್, ತೀರ್ ಎಂದು ಇರಾನಿನವು. ಜ್ಯೇಷ್ಠ, ಆಷಾಢ, ಕಾರಹುಣ್ಣಿಮೆ, ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬದುಕುವ ರೈತನಿಗೆ ತನ್ನ ಪೇಶಿ ಯಾವ ದಿನ ಎಂದು ತಿಳಿಯಲೂ ಉರ್ದು ಬಲ್ಲವನೊಬ್ಬ ಬೇಕಿತ್ತು. ಕಾಗದ ಓದಿಸಿಕೊಳ್ಳಲು ಹೋಗುವುದು ಹೆಚ್ಚಾಗಿ ಊರ ಸಾಹುಕಾರನ ಅಥವಾ ಪಟವಾರಿಯ ಹತ್ತಿರ. ದಾವೆ ಹೂಡಿದವನೂ ಕೆಲವೊಮ್ಮೆ ಅವನೇ! ಸಾಲಕ್ಕೆ ಪ್ರತಿಯಾಗಿ ಮೈದುಡಿಮೆ ಬರೆದುಕೊಡುವ ಭಾಗೇಲಾ ಪದ್ಧತಿ ಆ ಸಂಸ್ಥಾನದಲ್ಲಿ ಎಷ್ಟು ಬೇರೂರಿತ್ತೆಂದರೆ 1936ರಲ್ಲಿ ನಿಜಾಮ್ ಸರ್ಕಾರವೇ ಅದನ್ನು ಹತೋಟಿಗೆ ತರಲು ಕಾಯಿದೆ ಮಾಡಬೇಕಾಯಿತು.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1951ರ ಏಪ್ರಿಲ್ 1ರಿಂದ ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇಲ್ಲಿಗೂ ಬಂತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯದ ಜಿಲ್ಲೆಯಾಯಿತು. ಕಚೇರಿಯಿಂದ ಉರ್ದು ಹಿಂದೆ ಸರಿದು ಇಂಗ್ಲಿಷೂ ಕನ್ನಡವೂ ಬಂದವು. ಜೊತೆಗೆ ಹೊಸ ಸಂಸ್ಕೃತ ಪದಗಳೂ ಬಂದವು: ಪ್ರತಿಬಂಧಕಾಜ್ಞೆ, ಏಕಪಕ್ಷೀಯ ತೀರ್ಪು, ವಾದಿ, ಪ್ರತಿವಾದಿ. ಕೊನೆಯ ಎರಡನ್ನು ‘ಹೊಸವು’ ಎನ್ನುವುದು ಹೇಗೆ? ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬಳಸಿದ್ದ ಪದಗಳು ಬೆಂಗಳೂರಿನ ಹಾದಿಯಿಂದ ಬಸವಕಲ್ಯಾಣಕ್ಕೆ ಮರಳಿ ಬಂದವು. ಜನ ಮಾತ್ರ ಇನ್ನೂ ಪೇಶಿ, ತಾರೀಖು ಎಂದೇ ಹೇಳುತ್ತಾರೆ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ‘ಸ್ವತ್ತು ವಶೀಕರಣ’ ಎಂದರೆ ಮಾಟವೋ ಮಂತ್ರವೋ ಎಂದು ದಿಗಿಲಾಗುವವನಿಗೆ ‘ಜಪ್ತಿ’ ಎಂದರೆ ಒಂದೇ ಸಲಕ್ಕೆ ತಿಳಿಯುತ್ತದೆ.

ಪದ ಗೊತ್ತಿದ್ದ ಮಾತ್ರಕ್ಕೆ ಅದರ ಎಲ್ಲೆ ಗೊತ್ತಿರುತ್ತದೆ ಎಂದಲ್ಲ. ಜಪ್ತಿ ಎಂದಕೂಡಲೇ ಮನೆಮಂದಿ ಎಲ್ಲವೂ ಹೋಯಿತೆಂದು ಕೈಚೆಲ್ಲುವುದುಂಟು. ಸಂಹಿತೆಯ 60ನೇ ಕಲಮು ಹಾಗೆ ಹೇಳುವುದಿಲ್ಲ. ಸಾಲಗಾರನ ಮತ್ತು ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಒಕ್ಕಲುತನದವನ ವಾಸದ ಮನೆಗೆ ರಕ್ಷಣೆಯಿದೆ. ಅವನ ನೇಗಿಲು ಕೂರಿಗೆಗಳಿಗೂ, ಬದುಕಿಗೆ ಬೇಕೆಂದು ನ್ಯಾಯಾಲಯ ಒಪ್ಪಿದಷ್ಟು ದನ ಮತ್ತು ಬೀಜದ ಕಾಳಿಗೂ ಇದೆ. ಅಡವು ಬರೆದುಕೊಟ್ಟ ಆಸ್ತಿಗೆ ಮಾತ್ರ ಈ ಕಲಮು ನೆರವಾಗದು. ಸಹಕಾರಿ ಸಾಲದ ವಸೂಲಿಯ ಕಾನೂನೂ ಬೇರೆ.

ದಸ್ತಗಿರಿಗೂ ಎಲ್ಲೆಯಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸಲು ಮನೆಯೊಳಗೆ ಹೋಗುವಂತಿಲ್ಲ. ಡಿಕ್ರಿ ಹಣ 2,000 ರೂಪಾಯಿ ಮೀರದಿದ್ದರೆ ಜೈಲೇ ಇಲ್ಲ. 5,000 ರೂಪಾಯಿ ಮೀರಿದ್ದರೂ ಹೆಚ್ಚೆಂದರೆ ಮೂರು ತಿಂಗಳು. ಆ ದಿನಗಳ ಊಟದ ಖರ್ಚನ್ನು ಕಟ್ಟಬೇಕಾದವನು ಡಿಕ್ರಿದಾರ. ಇದಕ್ಕೂ ಮುಖ್ಯವಾದದ್ದು 1980ರ ಸುಪ್ರೀಂ ಕೋರ್ಟಿನ ತೀರ್ಪು. ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಣ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಕೊಡಲಾಗದೆ ಉಳಿದವನನ್ನು ಬಡತನದ ಕಾರಣಕ್ಕೆ ಜೈಲಿಗೆ ಕಳಿಸಲಾಗದು, ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವನಿಗೆ ಮಾತ್ರ ಆ ದಾರಿ ಎಂದು ವಿಧಿಸಿದರು. ಆಲಸಿ ಮತ್ತು ದಣಿದವನನ್ನು ‘ಸುಸ್ತಿ’ ಎಂಬ ಪದ ಒಂದೇ ಸಾಲಿಗೆ ನಿಲ್ಲಿಸಿತ್ತು. ತೀರ್ಪು ಅವರನ್ನು ಬೇರ್ಪಡಿಸಿತು.

ಹಾಜರಾಗದೆ ಏಕತರ್ಫಾ ಡಿಕ್ರಿಗೆ ಸಿಕ್ಕವನಿಗೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಸಮನ್ಸು ಸರಿಯಾಗಿ ತಲುಪಿರಲಿಲ್ಲ, ಅಥವಾ ಬರಲಾಗದಷ್ಟು ಬಲವಾದ ಕಾರಣವಿತ್ತು ಎಂದು ತೋರಿಸಿದರೆ 9ನೇ ಆದೇಶದ 13ನೇ ನಿಯಮದಂತೆ ಡಿಕ್ರಿಯನ್ನು ರದ್ದುಪಡಿಸಿ ದಾವೆಯನ್ನು ಮತ್ತೆ ನಡೆಸಬಹುದು. ಅರ್ಜಿಗೆ ಅವಧಿ 30 ದಿನ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ಸುದ್ದಿ ತಿಳಿದ ದಿನದಿಂದ ಆ 30 ದಿನ ಎಣಿಸಬೇಕು. ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋದವರ ಮನೆಯ ಬಾಗಿಲಿಗೆ ಸಮನ್ಸು ಅಂಟಿಸಿ ಹೋಗುವ ಸಂದರ್ಭ ಈ ಭಾಗದಲ್ಲಿ ಹೊಸದಲ್ಲ. ಅಂಥವರಿಗೆ ಈ ದಿನದ ಲೆಕ್ಕವೇ ಹೊಲ ಉಳಿಸುವ ಲೆಕ್ಕ.

ಇಷ್ಟೆಲ್ಲ ಭಾಷೆಗಳು ಬಂದು ಹೋದರೂ ಒಂದು ವಿಧಾನ ಮಾತ್ರ ಸಂಹಿತೆಯಲ್ಲಿ ಹಾಗೇ ಉಳಿದಿದೆ. ಸ್ಥಿರಾಸ್ತಿಯನ್ನು ಜಪ್ತಿ ಮಾಡಿದಾಗ ಆ ಹುಕುಮನ್ನು ಆಸ್ತಿಯ ಮೇಲೋ ಅದರ ಹತ್ತಿರವೋ ಡಂಗುರ ಹೊಡೆದು, ಇಲ್ಲವೇ ಊರ ರೂಢಿಯ ಇನ್ನಾವುದೇ ಬಗೆಯಲ್ಲಿ ಸಾರಬೇಕು. ಆಮೇಲೆ ಪ್ರತಿಯೊಂದನ್ನು ಆಸ್ತಿಯ ಮೇಲೂ ನ್ಯಾಯಾಲಯದ ಕಟ್ಟಡದ ಮೇಲೂ ಅಂಟಿಸಬೇಕು. ಕಂದಾಯ ಕಟ್ಟುವ ಹೊಲವಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲೂ ಒಂದು. 21ನೇ ಆದೇಶ, 54ನೇ ನಿಯಮ.